ಉಡಿಯಲ್ಲಿ ಬಂದ ಬಂಡಿದಾರಿ

ಹಳ್ಳದ ದಂಡೆಯ ಆ ಜಾಲಿ ಮರಗಳು ನನ್ನ ಅಣ್ಣನ ಒಂದು ವರ್ಷದ ದುಡಿಮೆ. ಬಸವಕಲ್ಯಾಣಕ್ಕೆ ನಾವು ಆಗ ಕಲ್ಯಾಣಿ ಎನ್ನುತ್ತಿದ್ದೆವು. ಅಲ್ಲಿಯ ಒಬ್ಬ ಇನಾಮದಾರರ ವಾಡೆಗೆ ಅಣ್ಣ ಬಾಗಿಲು, ಚೌಕಟ್ಟು, ತೊಲೆ ಎಲ್ಲವನ್ನೂ ಮಾಡಿಕೊಟ್ಟಿದ್ದ. ಲಡಾಯಿಯ ಕಾಲ. ಯಾರ ಕೈಯಲ್ಲೂ ರೊಕ್ಕ ಓಡಾಡುತ್ತಿರಲಿಲ್ಲ. ಕೂಲಿಯ ಬದಲಿಗೆ ಅವರು ನಮ್ಮ ಊರ ಹತ್ತಿರದ ತಮ್ಮ ಜಮೀನಿನಲ್ಲಿದ್ದ ಹಳೆಯ ಕರಿಜಾಲಿ ಮರಗಳನ್ನು ಕೊಟ್ಟರು. ಅವುಗಳ ಬೊಡ್ಡೆ ಇಬ್ಬರು ತೆಕ್ಕೆ ಹಾಯ್ದರೂ ಸಾಲದಷ್ಟು ದಪ್ಪ. ಬಂಡಿಯ ಗಾಲಿಗೆ, ಅಚ್ಚಿಗೆ ಅಂಥ ಕಟ್ಟಿಗೆ ಆ ಸೀಮೆಯಲ್ಲಿ ಮತ್ತೆಲ್ಲೂ ಇರಲಿಲ್ಲ. ಹುಮನಾಬಾದಿನ ಸಂತೆ ದಾರಿಯಲ್ಲಿ ಒಂದು ತಗಡಿನ ನೆರಳು ಹಾಕಿ ಗಾಲಿ ಮಾಡುವ ಕೆಲಸ ಹಿಡಿಯಬೇಕೆಂಬುದು ಅಣ್ಣನ ಆಸೆ.

ಆದರೆ ಯುಗಾದಿಗೆ ಆ ಜಮೀನು ಬೇರೊಬ್ಬನಿಗೆ ಕೌಲಿಗೆ, ಎಂದರೆ ಗುತ್ತಿಗೆಗೆ, ಹೋಗುವುದಿತ್ತು. ಹಬ್ಬದ ಹೊತ್ತಿಗೆ ನೆಲದ ಮೇಲೆ ಏನು ಉಳಿದಿರುತ್ತದೋ ಅದೆಲ್ಲ ಹೊಸಬನದು ಎಂದು ಮಾತಾಗಿತ್ತು. ಯುಗಾದಿಯೊಳಗೆ ಕಟ್ಟಿಗೆ ಹೊರಗೆ ಬರಬೇಕು, ಇಲ್ಲವಾದರೆ ಅಣ್ಣನ ಆ ವರ್ಷವೇ ಹುಟ್ಟದ ಹಾಗೆ.

ನಾನು ಆಗ ಅಣ್ಣನ ಮನೆಯಲ್ಲಿದ್ದೆ. ಗಂಡ ಸೊಲ್ಲಾಪುರದ ಗಿರಣಿಗೆಂದು ಹೋದವನು ತಿರುಗಿ ಬರಲಿಲ್ಲ, ಹೇಳಿಯೂ ಕಳಿಸಲಿಲ್ಲ. ಅತ್ತೆಯ ಮನೆಯವರು ಒಂದು ದಿನ ನನ್ನನ್ನು ಬಂಡಿಯಲ್ಲಿ ಕೂಡಿಸಿ ತಂದು ಅಣ್ಣನ ಬಾಗಿಲ ಮುಂದೆ ಇಳಿಸಿ ಹೋದರು. ಅತ್ತಿಗೆ ಕೆಟ್ಟವಳಲ್ಲ. ಆದರೆ ರೊಟ್ಟಿ ಬಡಿಯುತ್ತಾ, "ಇಲ್ಲಿ ಎಲ್ಲಾರೂ ಉಣ್ಣವ್ರ, ದುಡಿಯಾವ ಮಾತ್ರ ಒಬ್ಬಾಂವ" ಎಂದು ಒಲೆಗೆ ಹೇಳುತ್ತಿದ್ದಳು. ಒಲೆ ಉತ್ತರ ಕೊಡುವುದಿಲ್ಲ, ನಾನೂ ಕೊಡುತ್ತಿರಲಿಲ್ಲ. ಚಿಕ್ಕವಳಿದ್ದಾಗ ಮಠದ ಕಟ್ಟೆಯ ಮೇಲೆ ಅಯ್ಯನವರ ಮುಂದೆ ಮರಳಿನಲ್ಲಿ ಅಕ್ಷರ ತೀಡಿದ್ದಷ್ಟೇ ನನ್ನ ಓದು. ಮುಂದೆ ಯಾರ್ಯಾರಿಂದಲೋ ಕೇಳಿ, ಸಾಲು ಕೂಡಿಸಿ ಓದುವುದನ್ನು ಕಲಿತೆ. ಇದನ್ನು ಬರೆಯಲು ಅಷ್ಟು ಸಾಕು.

ಹಳ್ಳದ ಆ ದಂಡೆಗೆ ಬಂಡಿ ಹೋಗುವ ದಾರಿ ಇರಲಿಲ್ಲ. ಒಂದು ಕಡೆ ಕಲ್ಲುಬಂಡೆಯ ದಿನ್ನೆ, ಇನ್ನೊಂದು ಕಡೆ ಹಳ್ಳ. ನಡುವೆ ಉಳಿದದ್ದು ಒಂದೇ ಹೊಲ. ಅದು ಊರಿನವರೆಲ್ಲ 'ಆಯಿ' ಎಂದು ಕರೆಯುತ್ತಿದ್ದ ಒಬ್ಬ ಮುದುಕಿಯದು. ಕಪ್ಪು ಎರೆಭೂಮಿ, ಹಿಂಗಾರಿ ಜೋಳಕ್ಕೆ ಹೆಸರಾದದ್ದು. ಗಂಡ ತೀರಿಕೊಂಡ ಮೇಲೆ ಆಕೆಯೇ ನಿಂತು ಬಿತ್ತಿಸುತ್ತಿದ್ದಳು. ಹೊರಗಿನ ಮಾತು ಮಗನದು, ಒಳಗಿನ ಮಾತು ಆಕೆಯದು.

ಅಣ್ಣ ಮೊದಲು ಮಗನನ್ನು ಕೇಳಿದ. ನಾನೂ ಹಿಂದೆ ನಿಂತಿದ್ದೆ. ಮಗ ಎತ್ತಿನ ಕೊಂಬಿಗೆ ಎಣ್ಣೆ ತಿಕ್ಕುತ್ತಿದ್ದ.

"ಬದುವಿನ ಬಾಜೂಕ ಒಂದು ಬಂಡಿ ಅಗಲ ಬಿಟ್ಟು ಬಿತ್ರಿ ಯಜಮಾನ್ರ. ನಿಮಗ ಒಂದು ಹೊಸ ಕೂರಿಗಿ ಮಾಡಿ ಕೊಡ್ತೀನಿ" ಎಂದ ಅಣ್ಣ.

"ಕೂರಿಗಿ ನಮ್ಮನ್ಯಾಗ ಎರಡವ, ಮಿಸ್ತ್ರಿ. ಹೊಲ ಒಂದ ಅದ."

"ಯುಗಾದಿ ತನಕ ಅಷ್ಟರಿ."

"ಬಂಡಿ ಒಮ್ಮೆ ಹೋತಂದ್ರ ಹಾದಿ ಬೀಳ್ತದ. ಹಾದಿ ಬಿತ್ತಂದ್ರ ನಾಳಿ ಊರ ಮಂದಿ ಅಂತಾರ, ಇದು ಮೊದಲಿಂದ ಹಾದಿನೇ ಇತ್ತು. ನಮ್ಮಪ್ಪ ಒಂದು ಬದುವಿನ ಸಲುವಾಗಿ ಹುಮನಾಬಾದ ಕಚೇರಿಗೆ ತಿರುಗಿ ತಿರುಗಿ ಸತ್ತಾನ. ನನ್ನ ಚಪ್ಪಲಿ ಇನ್ನಾ ಹೊಸಾವ."

ಸುತ್ತ ನಿಂತವರು ನಕ್ಕರು. ಅಣ್ಣನೂ ನಕ್ಕ ಹಾಗೆ ಮಾಡಿದ. ಮನೆಗೆ ಬಂದು ಉಣ್ಣದೆ ಮಲಗಿದ.

ಮರುದಿನ ಮಧ್ಯಾಹ್ನ ಯಾರಿಗೂ ಹೇಳದೆ ನಾನು ಆಯಿಯ ಮನೆಗೆ ಹೋದೆ. ಆಕೆ ಪಡಸಾಲೆಯಲ್ಲಿ ಕುಳಿತು ಬಿತ್ತುವ ಜೋಳವನ್ನು ಮೊರದಲ್ಲಿ ಹಾಕಿಕೊಂಡು ಹುಳುಕು ಕಾಳು ಆರಿಸುತ್ತಿದ್ದಳು. ನಾನು ಹಾದಿಯ ಮಾತು ತೆಗೆಯಲಿಲ್ಲ. ಎದುರಿಗೆ ಕುಳಿತು ಇನ್ನೊಂದು ಮೊರ ಎಳೆದುಕೊಂಡೆ. ಬಹಳ ಹೊತ್ತು ಇಬ್ಬರೂ ಆರಿಸಿದೆವು. ಆಕೆಯೇ ಕೇಳಿದಳು:

"ಸೊಲ್ಲಾಪುರದಿಂದ ಏನರ ಸುದ್ದಿ ಬಂತೇನ ಮಗಳಾ?"

"ಇಲ್ಲರಿ ಆಯಿ."

"ಅಣ್ಣನ ಮನ್ಯಾಗ ವೈನಿ ಚೊಲೋ ನೋಡ್ಕೊತಾಳ?"

"ನೋಡ್ಕೊತಾಳ್ರಿ."

"ನೋಡ್ಕೊತಾಳಂದ್ರ ಕಣ್ಣಾಗ ನೀರ ಯಾಕ? ಜ್ವಾಳ ಹಸಿ ಮಾಡಬ್ಯಾಡ, ಬಿತ್ತೂದದ."

ನನಗೆ ನಗು, ಅಳು ಒಟ್ಟಿಗೇ ಬಂದವು. ಆಗ ಎಲ್ಲವನ್ನೂ ಹೇಳಿದೆ. ಅಣ್ಣನ ವರ್ಷ, ಮರ, ಯುಗಾದಿ, ಅವಳ ಮಗ ಆಡಿದ ಮಾತು. ಅಣ್ಣನ ಮನೆಯಲ್ಲಿ ನನ್ನ ತುತ್ತಿನ ಲೆಕ್ಕ ಆಗುತ್ತಿರುವುದನ್ನೂ ಹೇಳಿಬಿಟ್ಟೆ. ಅದನ್ನು ಹೇಳಬಾರದಿತ್ತು.

ಆಯಿ ಒಳಗೆ ಹೋಗಿ ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಬೊಗಸೆ ಬಿತ್ತುವ ಜೋಳ ತಂದಳು. "ಉಡಿ ಒಡ್ಡು" ಎಂದಳು. ನಾನು ಸೆರಗು ಹಿಡಿದೆ. ಎಲ್ಲವನ್ನೂ ಹಾಕಿದ ಮೇಲೆ ಅಂಗಳದಲ್ಲಿ ನಿಂತಿದ್ದ ನೇಗಿಲಿಗೆ ಅಂಟಿದ ಒಂದು ಕಪ್ಪು ಹೆಂಟೆಯನ್ನು ಬಿಡಿಸಿ ಅದನ್ನೂ ನನ್ನ ಉಡಿಗೆ ಹಾಕಿದಳು.

"ನನ್ನ ಹೊಟ್ಯಾಗ ಹೆಣ್ಣ ಹುಟ್ಟಲಿಲ್ಲ. ಹಾದಿ ನಿಮ್ಮಣ್ಣಗ ಕೊಟ್ಟಿಲ್ಲ, ನನ್ನ ಮಗಳಿಗೆ ಉಡಿ ತುಂಬೀನಿ. ಯುಗಾದಿ ತನಕ. ಮಣ್ಣ ಹಸಿ ಇದ್ದಾಗ ಬಂಡಿ ಹೊಡಿಬ್ಯಾಡ್ರಿ. ಎತ್ತಿನ ಬಾಯಿಗಿ ಕುಕ್ಕಿ ಕಟ್ರಿ, ನನ್ನ ಜ್ವಾಳಕ್ಕ ಬಾಯಿ ಹಾಕಬಾರದು. ನನ್ನ ಮಗಗ ನಾ ಹೇಳ್ತೀನಿ. ಅಂವ ಒದರ್ತಾನ, ಒದರಲಿ."

ಮಗ ಒದರಾಡಿದ್ದು ಓಣಿಗೆಲ್ಲ ಕೇಳಿಸಿತು. ಆದರೂ ಬಿತ್ತನೆಯ ದಿನ ಬದುವಿನ ಬದಿಗೆ ಬಂದಾಗ ಅವನು ಕೂರಿಗೆ ಎತ್ತಿ ಹಿಡಿದು ನಡೆದ. ಎರಡು ಕೂರಿಗೆಯ ಅಗಲ ನೆಲ ಬೀಜವಿಲ್ಲದೆ ಉಳಿಯಿತು. ಜೋಳ ಮೊಣಕಾಲುದ್ದ ಬೆಳೆದಾಗ ಊರ ಕಡೆಯ ಬದುವಿನಿಂದ ಹಳ್ಳದವರೆಗೆ ಒಂದು ಕಪ್ಪು ಪಟ್ಟಿ ಎದ್ದು ಕಾಣುತ್ತಿತ್ತು. ನಾನು ದಿನವೂ ಯಾವುದಾದರೂ ನೆಪ ಮಾಡಿಕೊಂಡು ಅಲ್ಲಿಗೆ ಹೋಗಿ ಒಮ್ಮೆ ನಡೆದು ಬರುತ್ತಿದ್ದೆ. ಮಗಳು ಎಂದು ಕರೆದು ಯಾರಾದರೂ ಏನಾದರೂ ಕೊಟ್ಟು ಬಹಳ ದಿನವಾಗಿತ್ತು. ಆ ಹೆಂಟೆಯನ್ನು ಒಡೆಯದೆ ಗೋಡೆಯ ಗೂಡಿನಲ್ಲಿಟ್ಟಿದ್ದೆ.

ಅಮಾವಾಸ್ಯೆಯ ಕಡೆಗೆ ಚಂದ್ರ ಸವೆಯುವ ದಿನಗಳಲ್ಲಿ ಕಡಿದ ಕಟ್ಟಿಗೆಗೆ ನುಸಿ ಹತ್ತುವುದಿಲ್ಲವೆಂದು ಬಡಿಗರ ನಂಬಿಕೆ. ಅಣ್ಣ ಆ ದಿನಗಳನ್ನೇ ಕಾದು ಮರ ಉರುಳಿಸಿದ. ಮುಳ್ಳು ಕೊಂಬೆಗಳನ್ನು ಸವರಿ ರಾಶಿ ಹಾಕಿದ. ಸಣ್ಣ ದಿಮ್ಮಿಗಳು ಮೊದಲು ಬಂದವು. ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿ, ಬಂಡಿಯ ಮುಂದೆ ಅವನೇ ನಡೆಯುತ್ತಿದ್ದ. ಒಂದು ಜೋಳದ ದಂಟೂ ಮುರಿಯಬಾರದೆಂದು ಅಚ್ಚಿನ ಕೀಲಿನ ತುದಿಗೆ ಬಟ್ಟೆ ಸುತ್ತಿದ್ದ. ದೊಡ್ಡ ಬೊಡ್ಡೆಗಳನ್ನು ಹಳ್ಳದ ದಂಡೆಯಲ್ಲೇ ಬಿಟ್ಟ. ಹಸಿಯಿದ್ದಾಗ ಅವು ಯಾವ ಬಂಡಿಗೂ ಎತ್ತಲಾಗದಷ್ಟು ಭಾರ. ಸ್ವಲ್ಪ ಒಣಗಲಿ, ಎಳ್ಳಮಾವಾಸ್ಯೆ ಆಗಲಿ, ನಾಲ್ಕೆತ್ತಿನ ಬಂಡಿ ತರುತ್ತೇನೆ ಎಂದ. ಗಾಲಿಯ ಕಟ್ಟಿಗೆ ಎಂದರೆ ಆ ಬೊಡ್ಡೆಗಳೇ.

ಎಳ್ಳಮಾವಾಸ್ಯೆ ನಮ್ಮ ಸೀಮೆಯಲ್ಲಿ ಹೊಲದ ಹಬ್ಬ. ಅಂದು ಊರಲ್ಲಿ ನಾಯಿ ಕೂಡ ಇರುವುದಿಲ್ಲ. ಬುಟ್ಟಿ ಬುಟ್ಟಿ ಸಜ್ಜೆ ರೊಟ್ಟಿ, ಕಡುಬು, ಭಜ್ಜಿ ಪಲ್ಯ, ಗಡಿಗೆಯಲ್ಲಿ ಅಂಬಲಿ ಹೊತ್ತು ಎಲ್ಲರೂ ಹೊಲಕ್ಕೆ ಹೋಗುತ್ತಾರೆ. ಜೋಳದ ದಂಟಿನಿಂದ ಕಟ್ಟಿದ ಗೂಡಿನೊಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿದ ಮೇಲೆ ಚರಗ ಚೆಲ್ಲುತ್ತಾರೆ. ಚರಗ ಎಂದರೆ ಆ ಅಡಿಗೆಯನ್ನೆಲ್ಲ ಕಲಸಿ ಹೊಲದ ಸುತ್ತ ಭೂಮಿತಾಯಿಗೆ ಎರಚುವುದು. ಮುಂದಿನವನು ಕೂಗುತ್ತಾ ಎರಚಿದರೆ ಹಿಂದಿನವನು ಓಗೊಡುತ್ತಾ ನೀರು ಚಿಮುಕಿಸುತ್ತಾನೆ. ಒಬ್ಬರ ಚರಗ ಇನ್ನೊಬ್ಬರ ಬದು ದಾಟುವುದಿಲ್ಲ. ಬದುವಿನ ಜಗಳ ಬಂದಾಗ ಹಿರಿಯರು ಮೊದಲು ಕೇಳುವುದೇ, "ನಿಮ್ಮ ಚರಗ ಎಲ್ಲಿ ತನಕ ಚೆಲ್ತಿತ್ತು?" ಎಂದು.

ಇದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಮಾಡಿ ತಿಳಿದಿರುವುದು ಬೇರೆ. ಬಡಿಗರಿಗೆ ಹೊಲ ಇಲ್ಲ. ಹಬ್ಬದ ದಿನ ನಾವು ಯಾರು ಕರೆದರೋ ಅವರ ಹೊಲದಲ್ಲಿ ಉಣ್ಣುವವರು. ನಾನು ಹುಟ್ಟಿದಾಗಿನಿಂದ ಪರರ ಚರಗಕ್ಕೆ ದಾರಿ ಬಿಟ್ಟು ನಿಂತವಳು.

ಆ ವರ್ಷ ಆಯಿ ನಮ್ಮನ್ನು ಕರೆದಿದ್ದಳು. ಉಂಡ ಮೇಲೆ ಗಂಡಸರು ಗೂಡಿನ ನೆರಳಲ್ಲಿ ಹರಟೆ ಹೊಡೆಯುತ್ತಿದ್ದರು. ಅಣ್ಣ ಬೊಡ್ಡೆ ನೋಡಿ ಬರುತ್ತೇನೆಂದು ಹಳ್ಳಕ್ಕೆ ಇಳಿದ. ನಾನು ಮನೆಯಿಂದ ಒಂದು ಸಣ್ಣ ಬುಟ್ಟಿ ತಂದಿದ್ದೆ. ರೊಟ್ಟಿ, ಭಜ್ಜಿ, ಕಡುಬು ನಾನೇ ಮಾಡಿದ್ದು. ಯಾಕೆ ತಂದೆ ಎಂದು ಅತ್ತಿಗೆ ಕೇಳಿದಾಗ ಸುಮ್ಮನೆ ಎಂದಿದ್ದೆ. ಅದನ್ನು ಕಲಸಿಕೊಂಡು, ಚಂಬು ನೀರು ಹಿಡಿದು, ಆ ಕಪ್ಪು ಪಟ್ಟಿಯ ಮೇಲೆ ನಡೆದೆ. ಬದುವಿನಿಂದ ಹಳ್ಳದವರೆಗೆ ಎರಚಿದೆ. ಓಗೊಡಲು ಹಿಂದೆ ಯಾರೂ ಇರಲಿಲ್ಲ. ಕೂಗೂ ನನ್ನದೇ, ಓಗೊಡುವುದೂ ನನ್ನದೇ. ಆ ಹೊತ್ತಿನಲ್ಲಿ ನನಗಾದ ಸಂತೋಷವನ್ನು ಈಗ ಹೇಳಲು ನಾಚಿಕೆಯಾಗುತ್ತದೆ. ನನಗೂ ಒಂದು ನೆಲವಿದೆ ಎನಿಸಿತ್ತು.

ನೋಡಿದವರು ಮೊದಲು ನಕ್ಕರು. ಪಕ್ಕದ ಹೊಲದಿಂದ ಯಾರೋ ಒಬ್ಬ ಕೂಗಿದ:

"ಏನ್ರಲೇ, ಬಡಿಗ್ಯಾರಿಗೂ ಹೊಲ ಬಂತು! ಯಜಮಾನಾ, ನಿನ್ನ ಜ್ವಾಳದಾಗ ಇನ್ನೊಂದು ಹೊಲ ಹುಟ್ಟೇದ, ನೋಡಲ್ಲಿ!"

ಇನ್ನೊಬ್ಬ, "ಇವತ್ತು ಚರಗ, ನಾಳಿ ಬಿತ್ತಗಿ, ನಾಡದು ಪಟ್ಟಾ" ಎಂದ.

ಆ ನಗುವೇ ಎಲ್ಲವನ್ನೂ ಕೆಡಿಸಿತು. ನಗದಿದ್ದರೆ ಆಯಿಯ ಮಗ ಎದ್ದು ಬರುತ್ತಿರಲಿಲ್ಲವೇನೋ. ಬಂದವನು ನನ್ನ ಕೈಯ ಬುಟ್ಟಿ ಕಸಿದು ನೆಲಕ್ಕೆ ಬಡಿದ. "ಕರ್ರಿ ಆಯಿನ್ನ! ಕರ್ರಿ ಪಂಚರ್ನ! ನಾ ಮೊದಲೇ ಅಂದಿಲ್ಲ?" ಎಂದು ಒದರಿದ. ಸುತ್ತಲಿನ ಹೊಲಗಳಿಂದ ಉಂಡ ಕೈ ತೊಳೆಯದೆ ಮಂದಿ ಬಂದು ಕೂಡಿದರು. ಅಣ್ಣ ಹಳ್ಳದಿಂದ ಮೇಲೆ ಬಂದು, ಏನೂ ತಿಳಿಯದೆ ನಿಂತ. ಅವನ ಅಂಗೈಗೆ ಜಾಲಿಯ ಕೆಂಪು ಅಂಟು ಮೆತ್ತಿತ್ತು.

ಆಯಿ ಬಂದು ನೆಲ ನೋಡಿದಳು. ಕರಿ ಮಣ್ಣಿನ ಮೇಲೆ ರೊಟ್ಟಿಯ ಚೂರು, ಭಜ್ಜಿಯ ಕಾಳು ಉದ್ದಕ್ಕೂ ಬಿದ್ದಿದ್ದವು. ಆಕೆಯ ಮುಖ ನಾನು ಅದುವರೆಗೆ ನೋಡದ ಮುಖವಾಯಿತು.

"ಮಣ್ಣ ಉಡ್ಯಾಗ ಹಾಕಿದ್ದು ಮಗಳಂತ ಮಗಳಾ. ಹೊಲ ಅಂತಲ್ಲ. ಯಾರು ಹೇಳಿದ್ರು ನಿನಗ ಇಲ್ಲಿ ಚರಗ ಚೆಲ್ಲಂತ?"

ಯಾರೂ ಹೇಳಿರಲಿಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು. ತಿಳಿಯದೆ ಮಾಡಿದೆ, ತಪ್ಪಾಯಿತು ಎಂದು ಕಾಲು ಹಿಡಿದಿದ್ದರೆ ಆಕೆ ಬೈದು ಬಿಡುತ್ತಿದ್ದಳು. ಆದರೆ ನನ್ನ ಕಣ್ಣಿಗೆ ಕಂಡದ್ದು ಆ ಮುಖ ಒಂದೇ. ಈಕೆ ಇನ್ನು ನನ್ನನ್ನು ಮಗಳೇ ಎನ್ನುವುದಿಲ್ಲ ಎಂಬ ಭಯ ಒಂದೇ.

"ಅಣ್ಣ ಹೇಳಿದ್ನರಿ" ಎಂದೆ.

ಎಲ್ಲರೂ ಅಣ್ಣನ ಕಡೆ ತಿರುಗಿದರು. ಅಣ್ಣ ನನ್ನ ಕಡೆ ನೋಡಿದ. ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು, "ತಪ್ಪಾತ್ರಿ ಆಯಿ" ಎಂದ.

"ನಿನ್ನ ತಂಗಿನ್ನ ಮುಂದ ಮಾಡಿ ನನ್ನ ಹೊಲ ತಿನ್ನಾಕ ಹೊಂಟಿದ್ದೇನು?" ಎಂದಳು ಆಯಿ. "ಇನ್ನ ಮ್ಯಾಲ ನಿನ್ನ ಬಂಡಿ ಗಾಲಿ ಈ ಮಣ್ಣ ಮುಟ್ಟಬಾರದು."

ಅಂದೇ ಸಂಜೆ ಮಗ ಆ ದಾರಿಯ ಎರಡೂ ತುದಿಗೆ ಮುಳ್ಳು ಹಚ್ಚಿದ. ಮುಳ್ಳು ಹುಡುಕಲು ಅವನು ದೂರ ಹೋಗಬೇಕಾಗಿರಲಿಲ್ಲ. ಅಣ್ಣ ಸವರಿ ರಾಶಿ ಹಾಕಿದ್ದ ಜಾಲಿಯ ಕೊಂಬೆಗಳೇ ಇದ್ದವು.

ದಾರಿಯಲ್ಲಿ ಅತ್ತಿಗೆ ಗಂಡನ ಹಿಂದೆ ಹಿಂದೆ ನಡೆಯುತ್ತಾ, "ಖರೇನೇ ನೀವು ಹೇಳಿದ್ರಿ? ಹೇಳ್ರಿ, ಖರೇನೇ?" ಎಂದು ಕೇಳುತ್ತಲೇ ಇದ್ದಳು. ಅಣ್ಣ, "ಗಪ್ಪ ನಡಿ" ಎಂದಷ್ಟೇ ಅಂದ. ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಬದುಕುತ್ತಿದ್ದೆ.

ಕೆಲವು ದಿನಕ್ಕೆ ಸಂಕ್ರಾಂತಿ ಬಂತು. ಎಳ್ಳು ಬೆಲ್ಲ ಹಿಡಿದು ಆಯಿಯ ಮನೆಗೆ ಹೋದೆ. ಇಂದು ಹೇಳಿಬಿಡುತ್ತೇನೆ ಎಂದುಕೊಂಡೇ ಹೋದೆ. ಬಾ ಎನ್ನುತ್ತಾಳೋ ಇಲ್ಲವೋ ಎಂದು ಹೊಸ್ತಿಲಲ್ಲೇ ನಿಂತೆ.

"ಬಾ ಮಗಳಾ. ನಿಂದೇನ ತಪ್ಪ ಅದ? ಅಣ್ಣಂದು ದುರಾಸಿ. ಹೆಣ್ಣಮಕ್ಕಳು ಹೇಳಿದಂಗ ಮಾಡ್ತಾವ" ಎಂದಳು. ಗೋಡೆಗೆ ಒರಗಿ ಕುಳಿತು ನನ್ನನ್ನು ಮುಂದೆ ಕೂಡಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. ಅವ್ವ ಸತ್ತ ಮೇಲೆ ನನ್ನ ತಲೆಗೆ ಇನ್ನೊಬ್ಬರ ಕೈ ತಾಕಿದ್ದು ಅದೇ ಮೊದಲು. ಹೇಳಿದೆನೆಂದರೆ ಆ ಬೆರಳುಗಳು ಅಲ್ಲಿಗೇ ನಿಲ್ಲುತ್ತವೆ. ಎಣ್ಣೆ ಹಚ್ಚಿಯಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಹಚ್ಚಿ ಆಯಿತು, ಹೆರಳು ಹಾಕಿ ಆಯಿತು, ನಾನು ಎದ್ದು ಬಂದೆ.

ಅಂಗಳದಲ್ಲಿ ಅಣ್ಣ ಬಾಚಿಯ ಅಲಗು ಮಸೆಯುತ್ತಿದ್ದ. ತಲೆ ಎತ್ತಿ ಕೇಳಿದ: "ಆಯಿ ಏನಂದ್ರು?"

"ಏನೂ ಇಲ್ಲ. ತಲಿಗಿ ಎಣ್ಣಿ ಹಚ್ಚಿದ್ರು."

"ಹೌದಾ" ಎಂದು ಮತ್ತೆ ಮಸೆಯತೊಡಗಿದ.

ಅಣ್ಣ ಹಳ್ಳದ ದಾರಿ ನೋಡಿದ. ಯಾರದೋ ಎರಡು ಜೊತೆ ಎತ್ತು ಬೇಡಿ ತಂದು, ಬೊಡ್ಡೆಗೆ ಹಗ್ಗ ಬಿಗಿದು ಹಳ್ಳದ ಒಡಲಲ್ಲೇ ಎಳೆಸಿದ. ಕಲ್ಲಿನ ಇಳಿಜಾರು ಬಂದಾಗ ಬೊಡ್ಡೆ ಎರಡು ಬಂಡೆಗಳ ನಡುವೆ ಸಿಕ್ಕಿಬಿತ್ತು. ಒಂದು ಎತ್ತು ಮುಂಗಾಲೂರಿ ಬಿದ್ದು ಗೊರಸು ಸೀಳಿಕೊಂಡಿತು. ಎತ್ತಿನ ಒಡೆಯ ಹಗ್ಗ ಬಿಚ್ಚಿ, "ನಿನ್ನ ಕಟ್ಟಿಗಿ ಸಲುವಾಗಿ ನನ್ನ ಬಸವಣ್ಣನ್ನ ಕೊಲ್ಲಲಿ ಏನು?" ಎಂದು ಎತ್ತು ಹೊಡೆದುಕೊಂಡು ಹೋದ. ಅಣ್ಣ ಆ ಬೊಡ್ಡೆಯ ಮೇಲೆ ಕತ್ತಲಾಗುವವರೆಗೆ ಕುಳಿತಿದ್ದನೆಂದು ದನ ಕಾಯುವವರು ಹೇಳಿದರು.

ಕಲ್ಯಾಣಿಗೂ ನಡೆದು ಹೋದ. ಇನಾಮದಾರರು ಮುದುಕರು, ಮರ್ಯಾದಸ್ಥರು. ಕೂಡಿಸಿ ಚಹಾ ಕೊಡಿಸಿದರಂತೆ. ಅವರೆಂದದ್ದನ್ನು ಅಣ್ಣ ಮನೆಗೆ ಬಂದು ಅವರ ದನಿಯಲ್ಲೇ ಹೇಳಿದ: "ಮಿಸ್ತ್ರಿ, ಜಬಾನ್ ಕೊಟ್ಟ ಮ್ಯಾಲ ಜಮೀನ ನಂದಲ್ಲ. ಝಾಡ ಕೊಡೋದು ನನ್ನ ಜಿಮ್ಮಾ ಇತ್ತು, ಕೊಟ್ಟೀನಿ. ರಸ್ತಾ ನಿನ್ನ ಜಿಮ್ಮಾ." ಹೊಸಬನಿಗೆ ಮಾತು ಕೊಟ್ಟಾಗಿದೆ, ಮರ ಕೊಡುವುದು ಅವರ ಹೊಣೆ, ದಾರಿ ನಮ್ಮ ಹೊಣೆ ಎಂದರ್ಥ. ಹೇಳಿ ಮುಗಿಸಿ ನಕ್ಕ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಒಲೆಗೆ ಹೇಳುವ ಮಾತು ಆ ದಿನಗಳಲ್ಲಿ ನಿಂತೇಹೋಗಿತ್ತು. ಬೈದಿದ್ದರೆ ಚೆನ್ನಾಗಿತ್ತು.

ಜೋಳದ ಕೊಯ್ಲಿಗೆ ನಾನೂ ಆಯಿಯ ಹೊಲಕ್ಕೆ ಕೂಲಿಗೆ ಹೋದೆ. ಇನ್ನೂ ಹೊತ್ತಿತ್ತು. ಹೋಳಿ ಮುಂದಿತ್ತು, ಯುಗಾದಿ ಇನ್ನೂ ಆಚೆಗಿತ್ತು. ಕೊಯ್ಯುತ್ತಾ ಕೊಯ್ಯುತ್ತಾ ಆ ಪಟ್ಟಿಯ ಹತ್ತಿರ ಬಂದಾಗ ಮುಳ್ಳಿನ ಆಚೆ ಗಾಲಿಯ ಗುರುತು ಒಣಗಿ ಗಟ್ಟಿಯಾಗಿರುವುದು ಕಾಣಿಸಿತು. ಆಯಿ ನನ್ನ ಬೆನ್ನ ಹಿಂದೆಯೇ ತೆನೆ ಆಯುತ್ತಿದ್ದಳು. ತಿರುಗಿ ಒಂದು ಮಾತು ಹೇಳಬೇಕು, ಅಷ್ಟೇ. ಬೊಡ್ಡೆಗಳು ಒಣಗಿ ಹಗುರಾಗಿದ್ದವು. ಮುಳ್ಳು ತೆಗೆದರೆ ಎರಡು ದಿನದಲ್ಲಿ ಎಲ್ಲವೂ ರಸ್ತೆಗೆ ಬರುತ್ತಿತ್ತು. ನಾನು ಕುಡುಗೋಲು ಹಿಡಿದು ನಿಂತೆ.

"ಏನ ಮಗಳಾ, ಕೈಗಿ ಹತ್ತಿತೇನ?"

"ಇಲ್ಲರಿ ಆಯಿ."

"ನೆಳ್ಳಾಗ ಕುಂದ್ರು ಹೋಗು. ಮಾರಿ ಕಪ್ಪಾಗ್ಯಾದ."

ನಾನು ನೆರಳಿಗೆ ಹೋಗಿ ಕುಳಿತೆ. ಆಕೆ ತನ್ನ ಗಂಟಿನಿಂದ ನನಗೆ ಒಂದು ರೊಟ್ಟಿ ಕೊಟ್ಟಳು, ತಿಂದೆ. ಹೊಲದಲ್ಲಿ ಆಡಿದ ಸುಳ್ಳು ಒಂದು ಉಸಿರಿನದು, ಹೆದರಿಕೆಯದು. ಈ ಸುಮ್ಮನಿರುವಿಕೆ ಹಾಗಲ್ಲ. ಇದನ್ನು ನಾನು ದಿನವೂ ಎದ್ದು ಮಾಡುತ್ತಿದ್ದೆ.

ಯುಗಾದಿ ಬಂತು. ಹೊಸಬ ಬಂದು ನೆಲ ನೋಡಿ, ಬೊಡ್ಡೆಗಳನ್ನು ಕಲ್ಯಾಣಿ ದಾರಿಯ ಇಟ್ಟಿಗೆ ಭಟ್ಟಿಯವರಿಗೆ ಕೊಟ್ಟ. ಅವನು ಆಯಿಯ ಮಗನಿಗೆ ದೂರದ ಸಂಬಂಧ. ಮುಳ್ಳು ಅವನಿಗೆ ತಾನಾಗಿಯೇ ಸರಿಯಿತು. ನಾಲ್ಕೆತ್ತಿನ ಬಂಡಿಗಳು ಅದೇ ಪಟ್ಟಿಯ ಮೇಲೆ ಹೋದವು. ನಾವು ಅಂಗಳದಲ್ಲಿ ನಿಂತು ನೋಡಿದೆವು.

ಒಣಗಿದ ಜಾಲಿಯನ್ನು ಸೀಳುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಭಟ್ಟಿಯವರ ಕೊಡಲಿ ಎರಡು ಮುರಿದವು. ಕೊನೆಗೆ ಅಣ್ಣನನ್ನೇ ಕರೆದರು. ಅವನು ಹೋದ. ಹೋಗದಿದ್ದರೆ ಮನೆಯಲ್ಲಿ ಕಾಳಿರಲಿಲ್ಲ. ನಾನು ಮಧ್ಯಾಹ್ನ ಬುತ್ತಿ ಒಯ್ದಾಗ ಅವನು ಬೊಡ್ಡೆಯ ಎಳೆ ಓಡಿದ ಜಾಡು ನೋಡಿ ಬೆಣೆ ಇಡುತ್ತಿದ್ದ. ಸುತ್ತಿಗೆ ಬಿದ್ದಾಗ ಕಟ್ಟಿಗೆ ಒಂದೇ ಸಲಕ್ಕೆ ಬಾಯಿ ಬಿಡುತ್ತಿತ್ತು. ಒಳಗೆ ಕೆಂಪು, ನುಣುಪು, ಒಂದು ಹುಳದ ತೂತೂ ಇಲ್ಲ. ಅದರ ಮೇಲೆ ಒಮ್ಮೆ ಕೈಯಾಡಿಸಿ ಭಟ್ಟಿಯ ಕಡೆ ಎಸೆಯುತ್ತಿದ್ದ.

ನಾನು ಬುತ್ತಿ ಇಟ್ಟು ಅಲ್ಲೇ ಕುಸಿದೆ. "ಅಣ್ಣಾ, ನಾ ಇವತ್ತ ಹೋಗಿ ಆಯಿಗಿ ಹೇಳ್ತೀನಿ."

ಅವನು ರೊಟ್ಟಿ ಮುರಿದ. "ಈಗೇನ ಹೇಳ್ತಿ? ಕಟ್ಟಿಗಿ ಸೀಳೇದ."

"ಅಂದು ನೀ ಯಾಕ ಇಲ್ಲ ಅನ್ನಲಿಲ್ಲ?"

"ಅಷ್ಟ ಮಂದ್ಯಾಗ ನಿನ್ನ ಸುಳ್ಳಿ ಮಾಡಲೇನ? ಗಂಡ ಬಿಟ್ಟಾಕಿ ಅಂತಾರ, ಸುಳ್ಳಾಕಿ ಅಂತೂ ಅನಸಬೇಕೇನ?" ಸ್ವಲ್ಪ ಹೊತ್ತು ಅಗಿದ. "ಒಬ್ಬಾಕಿನ ಹೋಗಿ ಹೇಳ್ತಿ ಅಂತ ತಿಳಕೊಂಡಿದ್ದೆ. ಸಂಕ್ರಾಂತಿಗಿ ಹೇಳ್ತಿ ಅಂದ್ಕೊಂಡೆ. ರಾಶಿ ಹೊತ್ತಿಗಿ ಅಂದ್ಕೊಂಡೆ. ನೀ ಆ ಮನಿಂದ ಬಂದಾಗೆಲ್ಲ ನಿನ್ನ ಮಾರಿ ನೋಡ್ತಿದ್ದೆ."

ಸಿಟ್ಟಿನಿಂದ ಹೇಳಲಿಲ್ಲ. ಅವನು ಕೈ ತೊಳೆದು, ಬೆಣೆ ಎತ್ತಿಕೊಂಡು ಮುಂದಿನ ಬೊಡ್ಡೆಗೆ ಹೋದ.

ಅಲ್ಲಿಂದ ನೇರ ಆಯಿಯ ಮನೆಗೆ ನಡೆದೆ. ಆಕೆ ಹೊಸ ಜೋಳವನ್ನು ನೆಲದೊಳಗಿನ ಹಗೇವಿಗೆ ಇಳಿಸುವ ಗಡಿಬಿಡಿಯಲ್ಲಿದ್ದಳು. ಕೈ ಹಿಡಿದು ಒಳಗೆ ಕರೆದೊಯ್ದು ಎಲ್ಲವನ್ನೂ ಹೇಳಿದೆ. ಅಣ್ಣ ಹೇಳಿರಲಿಲ್ಲ, ನನ್ನದೇ ಬುದ್ಧಿ, ಹೆದರಿ ಅವನ ಮೇಲೆ ಹಾಕಿದೆ ಎಂದೆ. ಆಯಿ ಗೋಡೆ ಹಿಡಿದು ಕುಳಿತಳು.

"ಕಟ್ಟಿಗಿ?" ಎಂದಳು.

"ಭಟ್ಟ್ಯಾಗ."

"ಯಾರು ಸೀಳಾಕತ್ತಾರ?"

"ಅಣ್ಣ."

ಆಕೆ ಕಣ್ಣು ಮುಚ್ಚಿದಳು. "ನಿನ್ನ ಎದಿ ಮ್ಯಾಲಿಂದು ತಗದು ನನ್ನ ಎದಿ ಮ್ಯಾಲ ಇಟ್ಟಿ. ಆ ಮನಷ್ಯಾಗ ನಾ ಅಂದ ಮಾತ ಎಲ್ಲಿ ಒಯ್ದು ಚೆಲ್ಲಲಿ?" ಅಷ್ಟು ಹೇಳಿ ಎದ್ದು ಹಗೇವಿನ ಕೆಲಸಕ್ಕೆ ಹೋದಳು. ಹೊಸ್ತಿಲು ದಾಟುವಾಗ ನಾನು ತಿರುಗಿ ನೋಡಿದೆ. ಮಗಳಾ ಎನ್ನಲಿಲ್ಲ.

ಅಣ್ಣ ಅತ್ತಿಗೆಯನ್ನು ಕರೆದುಕೊಂಡು ಹುಮನಾಬಾದಿಗೆ ಹೋದ. ಮೊದಲು ತಂದಿದ್ದ ಸಣ್ಣ ದಿಮ್ಮಿಗಳು ಗಾಲಿಗೆ ಬರುವಂಥವಲ್ಲ, ಅವುಗಳಿಂದ ಮೇಣಿ, ಕುಂಟೆಯಂಥ ಬೇಸಾಯದ ಸಾಮಾನು ಮಾಡಿ ಮುಗಿಸಿದ್ದ. ಅಲ್ಲಿ ಇನ್ನೊಬ್ಬರ ನೆರಳಲ್ಲಿ, ಇನ್ನೊಬ್ಬರ ಕಟ್ಟಿಗೆಗೆ ಗಾಲಿ ಮಾಡುವ ಆಳಾದ. ನನ್ನನ್ನೂ ಕರೆದ. ಯಾವ ಮುಖದಿಂದ ಹೋಗಲಿ? ಊರಲ್ಲೇ ಕೂಲಿ ಮಾಡಿಕೊಂಡು ಉಳಿದೆ. ಸಂತೆಗೆ ಹೋದಾಗ ಅವನಿಗೆ ಒಂದು ಗಂಟು ರೊಟ್ಟಿ ಕೊಟ್ಟು ಬರುತ್ತಿದ್ದೆ. ತಗೊಂಡು, "ಆರಾಮ ಇದ್ದಿ?" ಎನ್ನುತ್ತಿದ್ದ. ಮತ್ತೆ ಆ ಮಾತು ನಮ್ಮಿಬ್ಬರ ನಡುವೆ ಎಂದೂ ಬರಲಿಲ್ಲ.

ಮುಂದಿನ ಹಿಂಗಾರಿಗೆ ಆಯಿ ಹೊಲದಲ್ಲಿ ನಿಂತು ಬಿತ್ತಿಸುತ್ತಿದ್ದಳು. ನಾನು ದಿನ್ನೆಯ ಮೇಲೆ ಸೆಗಣಿ ಆಯುತ್ತಿದ್ದೆ. ಕೂರಿಗೆ ಬದುವಿನ ಬದಿಗೆ ಬಂದಾಗ ಆಕೆ ಕೈ ಎತ್ತಿ ಮಗನನ್ನು ತಡೆದಳು. ಅವನು ಏನೋ ಕೂಗಾಡಿದ, ಗಾಳಿಗೆ ಕೇಳಿಸಲಿಲ್ಲ. ಆಮೇಲೆ ಕೂರಿಗೆ ಎತ್ತಿ ಹಿಡಿದು ನಡೆದ. ಎರಡು ಕೂರಿಗೆಯ ಅಗಲ ಮತ್ತೆ ಬೀಜವಿಲ್ಲದೆ ಉಳಿಯಿತು. ಮುಳ್ಳೂ ಇರಲಿಲ್ಲ. ಆಚೆ ಹಳ್ಳದ ದಂಡೆಯಲ್ಲಿ ಜಾಲಿಯ ಮೋಟುಗಳು ಬಿಟ್ಟರೆ ಏನೂ ಇರಲಿಲ್ಲ.

ಆಯಿ ಬದುಕಿರುವವರೆಗೂ ಆ ಪಟ್ಟಿ ಬಿತ್ತಲು ಬಿಡಲಿಲ್ಲ. ಬಂಡಿ ಹೋಗದ ದಾರಿಯಲ್ಲಿ ಹುಲ್ಲು ಬೆಳೆಯಿತು, ಆಡು ಮೇಯ್ದವು. ಎಳ್ಳಮಾವಾಸ್ಯೆಗೆ ಅವಳ ಮಗ ಚರಗ ಚೆಲ್ಲುತ್ತಾ ಬಂದು ಅದರ ಅಂಚಿಗೆ ನಿಂತು, ಸುತ್ತಿ ಹೋಗುತ್ತಿದ್ದ. ನಾನು ಈಗಲೂ ಆ ಹಬ್ಬಕ್ಕೆ ಯಾರ ಹೊಲಕ್ಕೂ ಹೋಗುವುದಿಲ್ಲ. ಊರಲ್ಲಿ ಯಾರೂ ಇರದ ಆ ದಿನ ಬಾಗಿಲು ಹಾಕಿಕೊಂಡು ಕೂರುತ್ತೇನೆ. ದೂರದ ಹೊಲಗಳಿಂದ ಕೂಗು, ಓಗೊಡುವ ದನಿ ಕೇಳುತ್ತಿರುತ್ತದೆ.